ನಾನು ತಿದ್ದಿಕೊಟ್ಟ ಅರ್ಜಿ

ನನ್ನ ಅಕ್ಕನ ಎಡಗಣ್ಣಿಗೆ ಹೂ ಬಿದ್ದು ಹನ್ನೆರಡು ವರ್ಷವಾಯಿತು. ಸಿರುಗುಪ್ಪದ ಅವರ ಗದ್ದೆಯಲ್ಲಿ ಭತ್ತದ ರಾಶಿ ನಡೆದಿತ್ತು. ಯಂತ್ರದ ಬಾಯಿಂದ ಹಾರಿದ ಒಂದು ಸುಂಕು, ಭತ್ತದ ತೆನೆಯ ಮುಳ್ಳು, ಬಂದು ಕಣ್ಣಿಗೆ ಬಡಿಯಿತು. ಸೆರಗಿನ ತುದಿಯನ್ನು ಬಾಯಿಂದ ಊದಿ ಬೆಚ್ಚಗೆ ಮಾಡಿ ಒತ್ತಿಕೊಂಡಳು. ಮರುದಿನ ಔಷಧಿ ಅಂಗಡಿಯಿಂದ ಹನಿ ತರಿಸಿ ಹಾಕಿಕೊಂಡಳು. ಕೆಂಪು ಇಳಿಯಿತು, ನಾಲ್ಕು ದಿನ ಎಲ್ಲರೂ ನಿಶ್ಚಿಂತೆಯಿಂದ ಇದ್ದೆವು. ಆಮೇಲೆ ನೋವು ಎದ್ದು, ಬಳ್ಳಾರಿಗೆ ಕರೆತಂದಾಗ ಡಾಕ್ಟರು ಹೇಳಿದ್ದು ಇಷ್ಟು: ಕಣ್ಣೊಳಗೆ ಬೆಳೆದಿರುವುದು ಬೂಷ್ಟು, ಉಪ್ಪಿನಕಾಯಿ ಜಾಡಿಯ ಬಾಯಿಗೆ ಬರುತ್ತದಲ್ಲ, ಅಂಥದ್ದೇ. ಅಂಗಡಿಯ ಹನಿ ಕೆಂಪನ್ನು ಇಳಿಸಿತು, ಆದರೆ ಬೂಷ್ಟಿಗೆ ಊಟ ಹಾಕಿತು. ಮೊದಲ ದಿನವೇ ಗೊತ್ತಾಗಿದ್ದರೆ ಅದಕ್ಕೆ ಬೇರೆ ಔಷಧಿ ಇತ್ತು.

“ಮೊದಲನೇ ದಿನ ಗೊತ್ತು ಮಾಡೋದು ಹ್ಯಾಂಗ್ರಿ, ಡಾಕ್ಟ್ರೇ?” ಎಂದು ಕೇಳಿದವಳು ಅಕ್ಕನ ಮಗಳು. ಆಗ ಎಂಎಸ್ಸಿಯ ಕೊನೆಯ ವರ್ಷದಲ್ಲಿದ್ದಳು. ಡಾಕ್ಟರು, ಇಂಥ ದೊಡ್ಡ ಆಸ್ಪತ್ರೆಗೇ ಬರಬೇಕಮ್ಮ, ಹಳ್ಳಿಯ ಕಡೆ ಅದನ್ನು ನೋಡಿ ಹೇಳುವವರಿಲ್ಲ ಎಂದರು. ಅವಳು ತಾಯಿಯ ಹನಿಯ ಖಾಲಿ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆಯುತ್ತ ಬೆಂಚಿನ ಮೇಲೆ ಕೂತಿದ್ದಳು.

ಮುಂದೆ ಹೈದರಾಬಾದಿಗೆ ಹೋಗಿ ಕಣ್ಣಿನ ಬೂಷ್ಟಿನ ಮೇಲೆಯೇ ಪಿಎಚ್‌ಡಿ ಮಾಡಿದಳು. ಮುಗಿಸಿ ಬಳ್ಳಾರಿಗೆ ವಾಪಸು ಬಂದಳು. ಕೌಲ್ ಬಜಾರಿನಲ್ಲಿ ದಾನಿಗಳು ನಡೆಸುವ ಸಣ್ಣದೊಂದು ಕಣ್ಣಾಸ್ಪತ್ರೆ ಇದೆ. ಅದರ ಮಹಡಿಯ ಮೇಲೆ ಎರಡು ಕೋಣೆಯ ಲ್ಯಾಬು. ಅಲ್ಲಿಯ ಹಿರಿಯ ಡಾಕ್ಟರೊಬ್ಬರ ಯೋಜನೆಯಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಇರುವುದು ನಮ್ಮ ಮನೆಯಲ್ಲಿ, ಪಾರ್ವತಿನಗರದಲ್ಲಿ. ನಮ್ಮ ಮಕ್ಕಳು ಓದಿ ಹೊರಟುಹೋದ ಮೇಲೆ ಖಾಲಿ ಬಿದ್ದಿದ್ದ ಮೇಲಿನ ಕೋಣೆ ಅವಳದಾಯಿತು.

ಹಗಲೆಲ್ಲ ಡಾಕ್ಟರ ಕೆಲಸ. ಅದು ಮುಗಿದ ಮೇಲೆ, ಭಾನುವಾರಗಳಲ್ಲಿ, ಅವಳದೇ ಕೆಲಸ. ಬೆಂಕಿಕಡ್ಡಿಯಷ್ಟು ಅಗಲದ ಕಾಗದದ ಪಟ್ಟಿ. ಕಣ್ಣಿನ ಹುಣ್ಣಿನಿಂದ ಕೆರೆದು ತೆಗೆದ ಒಂದು ಕಣವನ್ನು ನೀರಿನಲ್ಲಿ ಕದಡಿ ಅದರ ಮೇಲೆ ಹನಿಸಬೇಕು. ಬೂಷ್ಟಾಗಿದ್ದರೆ ನೀಲಿ ಗೆರೆ ಮೂಡಬೇಕು, ಅದೂ ಒಂದು ಗಂಟೆಯೊಳಗೆ, ಸಿರುಗುಪ್ಪದಂಥ ಊರಿನ ಆಸ್ಪತ್ರೆಯಲ್ಲಿ ನರ್ಸೊಬ್ಬಳ ಕೈಯಲ್ಲಿ. “ಇನ್ನೂ ಅರ್ಧಕ್ಕರ್ಧ ಸುಳ್ಳು ಹೇಳತೈತಿ ಚಿಕ್ಕಮ್ಮ” ಎನ್ನುತ್ತಿದ್ದಳು, ತುಂಟ ಮಗುವಿನ ಬಗ್ಗೆ ಹೇಳಿದ ಹಾಗೆ. ಅದನ್ನು ತಿದ್ದುವುದಕ್ಕಾಗಿಯೇ ಈ ಸೀಮೆಯ ಹೊಲಗದ್ದೆಗಳ ಬೂಷ್ಟನ್ನು ಕೂಡಿಹಾಕುತ್ತಿದ್ದಳು. ಆಸ್ಪತ್ರೆಗೆ ಬಂದವರ ಕಣ್ಣಿನಿಂದ ಡಾಕ್ಟರು ತೆಗೆದುಕೊಟ್ಟದ್ದನ್ನು ಪುಟ್ಟ ಗಾಜಿನ ಟ್ಯೂಬುಗಳಲ್ಲಿ ಬೆಳೆಸಿ, ಮೇಲೆ ಊರಿನ ಹೆಸರಿನ ಮೊದಲಕ್ಷರ ಬರೆದು ಫ್ರಿಜ್ಜಿನಲ್ಲಿ ಇಡುತ್ತಿದ್ದಳು. ಒಮ್ಮೆ ನನಗೆ ತೋರಿಸಿದ್ದಳು. ಕೆಲವು ಹತ್ತಿಯ ಹಾಗೆ ಬಿಳಿ, ಕೆಲವು ಹಸಿರು, ಮೋಕ ಊರಿನ ಒಬ್ಬ ಹೆಂಗಸಿನದು ಮಾತ್ರ ಒಣಗಿದ ಗುಲಾಬಿಯ ಬಣ್ಣ.

ಡಾಕ್ಟರ ಯೋಜನೆ ಜೂನ್ ಕೊನೆಗೆ ಮುಗಿಯುವುದಿತ್ತು. ಆಮೇಲೆ ಅವಳಿಗೆ ಅಲ್ಲಿ ಕೆಲಸವೂ ಇಲ್ಲ, ಕೋಣೆಯೂ ಇಲ್ಲ. ಉಳಿದದ್ದು ಒಂದೇ ದಾರಿ. ದೂರದ ನಗರದ ಶ್ರೀಮಂತ ಕುಟುಂಬವೊಂದು ಕಟ್ಟಿದ ಪ್ರತಿಷ್ಠಾನ, ಆಗತಾನೇ ಕಾಲೂರುತ್ತಿರುವ ವೈದ್ಯಕೀಯ ಸಂಶೋಧಕರಿಗೆ ಅಂತಲೇ ದುಡ್ಡು ಕೊಡುತ್ತದೆ. ಯಾರ ಕೈಕೆಳಗೂ ಅಲ್ಲ, ಅವರದೇ ಹೆಸರಿನಲ್ಲಿ. ಸಂಬಳ, ಸಹಾಯಕ್ಕೆ ಒಬ್ಬರು, ರಾಸಾಯನಿಕ, ಎಲ್ಲ ಕೆಲವು ವರ್ಷಗಳ ಮಟ್ಟಿಗೆ. ಅದು ಬಂದರೆ ಆಸ್ಪತ್ರೆಯವರು ಕೋಣೆ ಬಿಟ್ಟುಕೊಡಲು ಒಪ್ಪಿದ್ದರು. ಆದರೆ ಪಿಎಚ್‌ಡಿ ಮುಗಿಸಿ ಐದು ವರ್ಷ ದಾಟಿರಬಾರದು. ಅವಳಿಗೆ ಜನವರಿಗೆ ಐದು ತುಂಬುತ್ತಿತ್ತು. ಅರ್ಜಿಗೆ ಕೊನೆಯ ದಿನ ಡಿಸೆಂಬರಿನಲ್ಲಿ. ಅವಳ ಪಾಲಿಗೆ ಇದೇ ಮೊದಲು, ಇದೇ ಕೊನೆ.

ಡಿಸೆಂಬರೆಂದರೆ ಭತ್ತದ ಕೊಯ್ಲು, ಕಣ್ಣಿಗೆ ಪೆಟ್ಟಾಗುವ ಕಾಲ. ಬೂಷ್ಟು ಕೂಡಿಹಾಕಲು ಅವಳು ಸಿರುಗುಪ್ಪದ ಆಸ್ಪತ್ರೆಯಲ್ಲೇ ಕೂತಿರಬೇಕಾಗಿತ್ತು. ಹೋಗುವ ಹಿಂದಿನ ದಿನ ಲ್ಯಾಪ್‌ಟಾಪನ್ನು ನನ್ನ ಊಟದ ಮೇಜಿನ ಮೇಲೆ ತಂದಿಟ್ಟಳು.

“ಚಿಕ್ಕಮ್ಮ, ಬರದೀನಿ. ಇಂಗ್ಲಿಷ್ ಒರಟಾಗೈತಿ. ನೀ ಒಂದೀಟು ನೀಟ್ ಮಾಡಿ ಕೊಡು.”

ನಮ್ಮ ಮನೆಯವರು ಪೇಪರು ಮಡಿಸಿಟ್ಟು ನಕ್ಕರು. “ಯಮ್ಮಾ, ಹುಷಾರು. ನಿಮ್ಮ ಚಿಕ್ಕಮ್ಮ ಬೈಯೋದಾದ್ರೂ ಪ್ಲೀಸ್ ಹಚ್ಚಿ ಬೈತಾಳ. ಗ್ಯಾಸಿನವಗ ಹೋದ ವಾರ ಥ್ಯಾಂಕ್ಯೂ ಹೇಳಿ ಕಂಪ್ಲೇಂಟ್ ಬರಸ್ಯಾಳ.”

“ನೀವು ಸುಮ್ಕಿರ್ರಿ ಕಾಕಾ. ಬಳ್ಳಾರಿ ಕಾನ್ವೆಂಟ್ ಇಂಗ್ಲಿಷ್ ಅದು, ನಿಮಗೇನ್ ಗೊತ್ತು?”

ನನಗೆ ಒಳಗೊಳಗೇ ಹಿಗ್ಗಾಯಿತು. ಮದುವೆಯಾದ ಮೇಲೆ ನನ್ನ ಇಂಗ್ಲಿಷಿಗೆ ಕೆಲಸವೇ ಇರಲಿಲ್ಲ. ಮಕ್ಕಳ ರಜೆ ಚೀಟಿ, ಬೀದಿಯ ನೀರಿನ ಟ್ಯಾಂಕಿನ ಮೇಲೊಂದು ಸೂಚನೆ, ಅಷ್ಟೇ.

ಶಾಲೆಯಲ್ಲಿ ನಮಗೆ ಪತ್ರ ಬರೆಯಲು ಕಲಿಸಿದವರು ಒಬ್ಬ ವಯಸ್ಸಾದ ಕನ್ಯಾಸ್ತ್ರೀ. ಬಿಳಿ ನಿಲುವಂಗಿಯ ತೋಳಿನಲ್ಲಿ ಯಾವಾಗಲೂ ಮಡಚಿದ ಕರವಸ್ತ್ರ. ತನ್ನನ್ನು ತಾನು ಹೊಗಳಿಕೊಳ್ಳುವುದನ್ನು ಅವರು ಬಾಯಿ ತೆರೆದು ಆಕಳಿಸುವುದಕ್ಕೆ ಸಮವೆಂದು ತಿಳಿದಿದ್ದರು. ಕೇಳುವ ಪತ್ರದಲ್ಲಿ ಮೊದಲು ಕೃತಜ್ಞತೆ, ಆಮೇಲೆ ಹಿರಿಯರ ಸ್ಮರಣೆ, ಆಮೇಲೆ ಸಂಕೋಚದಿಂದ ಕೋರಿಕೆ. ಮನೆಯಲ್ಲೂ ಅವ್ವ ಕಲಿಸಿದ್ದು ಅದನ್ನೇ, ಭಾಷೆ ಮಾತ್ರ ಬೇರೆ. ಯಾರಾದರೂ ಹೋಳಿಗೆ ಚೆನ್ನಾಗಿದೆ ಅಂದರೆ, ನಂದೇನೈತ್ರಿ, ಬ್ಯಾಳಿ ಚಲೋ ಸಿಕ್ಕಿತ್ತು ಅನ್ನಬೇಕು.

ನಾಲ್ಕು ದಿನ ಕೂತೆ. ಬೆಳಗಿನ ಅಡುಗೆ ಮುಗಿಸಿ, ಮೇಜು ಒರೆಸಿ, ಕೆಳಗೆ ಒಂದು ಒಣ ಟವೆಲು ಹಾಸಿ ಅದರ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡು ಓದುತ್ತಿದ್ದೆ. ಅವಳು ಬರೆದದ್ದು ನಿಜಕ್ಕೂ ಒರಟಾಗಿತ್ತು. ‘ಈ ಪರೀಕ್ಷೆ ಈ ಭಾಗದ ಜನರ ಕಣ್ಣು ಉಳಿಸುತ್ತದೆ. ಇದನ್ನು ಇಲ್ಲಿ ಯಾರೂ ಮಾಡಿಲ್ಲ. ಈ ಯೋಚನೆ ನನ್ನದು. ಬೂಷ್ಟುಗಳ ಈ ಸಂಗ್ರಹವನ್ನು ನಾನೇ ಕಟ್ಟಿದ್ದೇನೆ. ಈ ಕೆಲಸವನ್ನು ಮಾಡಬಲ್ಲವಳು ನಾನು.’ ಕನ್ನಡದಲ್ಲಿ ಹೇಳುವುದಾದರೆ ಹೀಗೆ. ಓದುವಾಗ ನನ್ನ ಕಿವಿ ಬಿಸಿಯಾಯಿತು. ಇಷ್ಟು ದೊಡ್ಡವರ ಮುಂದೆ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನಿಂತ ಹಾಗಿತ್ತು.

ಉಳಿಸುತ್ತದೆ ಅನ್ನುವುದನ್ನು, ದೇವರ ದಯೆಯಿದ್ದರೆ ಎಂದೊಂದು ಬರೆಯಲಿಲ್ಲ ಅಷ್ಟೇ, ಅಲ್ಪಸ್ವಲ್ಪ ನೆರವಾಗಬಹುದೆಂಬ ಆಶೆಯಿದೆ ಎಂದು ಮಾಡಿದೆ. ನನ್ನ ಯೋಚನೆ ಅನ್ನುವ ಕಡೆ, ಹಿರಿಯ ಡಾಕ್ಟರ ಮಾರ್ಗದರ್ಶನದಲ್ಲಿ ಮೂಡಿದ ಯೋಚನೆ ಎಂದೆ. ನಿಜಕ್ಕೂ ಆ ಡಾಕ್ಟರಿಗೆ ಈ ಪಟ್ಟಿಯ ಬಗ್ಗೆ ಹೆಚ್ಚಿಗೆ ಏನೂ ಗೊತ್ತಿರಲಿಲ್ಲ, ಭಾನುವಾರ ಬೀಗದ ಕೈ ಕೊಡುತ್ತಿದ್ದರು. ಆದರೆ ಕೋಣೆ ಕೊಟ್ಟ ಹಿರಿಯರು. ಅವರನ್ನು ಮೊದಲ ಸಾಲಿನಲ್ಲೇ ನೆನೆದೆ, ಎರಡನೆಯ ಪುಟದಲ್ಲಿ ನೆನೆದೆ, ಕೊನೆಯಲ್ಲಿ ಮತ್ತೆ ನೆನೆದೆ. ನಾನೇ ಕಟ್ಟಿದ ಸಂಗ್ರಹ ಎಂಬುದು ನಮ್ಮ ಆಸ್ಪತ್ರೆಯ ಸಂಗ್ರಹವಾಯಿತು. ಮುಗಿಸಿ ಮೊದಲಿಂದ ಓದಿದಾಗ ಇಸ್ತ್ರಿ ಮಾಡಿದ ಹತ್ತಿ ಸೀರೆಯ ಹಾಗೆ ಇತ್ತು, ಎಲ್ಲಿಯೂ ಒಂದು ಸುಕ್ಕಿಲ್ಲ.

ಕೊನೆಯ ದಿನ ಲ್ಯಾಪ್‌ಟಾಪು ಚೀಲದಲ್ಲಿ ಹಾಕಿಕೊಂಡು ನಾನೇ ಸಿರುಗುಪ್ಪದ ಬಸ್ಸು ಹತ್ತಿದೆ. ಅವಳ ಸಹಿ, ಪ್ರಮಾಣಪತ್ರಗಳೆಲ್ಲ ಅದರಲ್ಲಿದ್ದವು, ಅವಳೇ ಕಳಿಸಬೇಕಿತ್ತು. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಬಸ್ಸು ಪಕ್ಕಕ್ಕೆ ಸರಿದು ಸರಿದು ಹೋಗುತ್ತಿತ್ತು. ಭತ್ತ ತೂರುವ ಹೆಂಗಸರು ತಲೆಗೆ, ಮೂಗಿಗೆ, ಬಾಯಿಗೆ ಟವೆಲು ಬಿಗಿದಿದ್ದರು. ಕಣ್ಣು ಮಾತ್ರ ಬಯಲು.

ಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಲು ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಎಡಗಣ್ಣು ಹೋದಾಗಿನಿಂದ ಅವಳ ಅಭ್ಯಾಸ ಅದು.

“ಬಾರವ್ವ ಮೇಡಮ್ಮು. ಎಲ್ಲಾ ತಿದ್ದಿದೇನು? ನಿನ್ನ ಸಾರಿನಂಗ ಉಪ್ಪಿಲ್ಲದ ಮಾಡಿಟ್ಟಿರಬೇಕು.”

“ನನ್ನ ಸಾರಿಗೇನಾಗೇತಿ?”

“ಏನಿಲ್ಲ. ಒಂದ್ ಕಣ್ಣಾಗ ನೋಡಿದ್ರೂ ಗೊತ್ತಾಗತೈತಿ, ಉಪ್ಪು ಕಡಿಮಿ ಅಂತ.”

ಮಗಳು ಆಸ್ಪತ್ರೆಯಿಂದ ಬಂದಾಗ ಮೂರೂವರೆ. ಐದಕ್ಕೆ ಆ ಜಾಲತಾಣ ಮುಚ್ಚುತ್ತಿತ್ತು. ಮನೆಯೊಳಗೆ ಸಿಗ್ನಲ್ ಇಲ್ಲವೆಂದು ಮಾಳಿಗೆ ಹತ್ತಿದೆವು. ಅವಳು ಹಪ್ಪಳದ ಚಾಪೆಯ ಅಂಚಿನಲ್ಲಿ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪು ಇಟ್ಟುಕೊಂಡಳು. ಅಕ್ಕ ಫೋನನ್ನು ಎತ್ತಿ ಹಿಡಿದು ನಿಂತಳು. “ಕೈ ಇಳಸಬ್ಯಾಡವ್ವಾ, ಗೆರಿ ಹೋಗತಾವ” ಎಂದರೆ, “ನಾ ಏನು ಲೈಟಿನ ಕಂಬೇನಲೇ?” ಎಂದು ಗೊಣಗಿದಳು, ಆದರೆ ಇಳಿಸಲಿಲ್ಲ.

ಮಗಳು ಬೇಗ ಬೇಗ ಓದುತ್ತ ಹೋದಳು. “ಭಾಳ ಚಂದ ಆಗೇತಿ ಚಿಕ್ಕಮ್ಮ” ಎಂದಳು. ಎರಡನೆಯ ಪುಟದಲ್ಲಿ ಬೆರಳು ನಿಂತಿತು.

“ಇದು ಡಾಕ್ಟ್ರ ಯೋಚನಿ ಅಲ್ಲಲ್ಲ. ನಂದು.”

“ಗೊತ್ತವ್ವ. ಆದರ ದೊಡ್ಡವರ ಮುಂದ ಹಂಗ ಬರೀಬೇಕು. ಅವರಿಗೆ ಅರ್ಥ ಆಗತೈತಿ, ಕೆಲಸ ಯಾರು ಮಾಡ್ಯಾರ ಅಂತ. ನಾವಾ ಹೇಳಿಕೊಂಡ್ರ ಸಣ್ಣತನ ಕಾಣತೈತಿ.”

ಅವಳು ನನ್ನ ಮುಖ ನೋಡಿದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ತುಟಿ ಒಣಗಿತ್ತು. ಗಡಿಯಾರ ನೋಡಿದಳು. “ನೀ ಹೇಳಿದ್ರ ಸರಿ ಇರತೈತಿ” ಎಂದು ಒತ್ತಿಬಿಟ್ಟಳು. ಪರದೆಯ ಮೇಲೆ ಹಸಿರು ಟಿಕ್ಕು ಬಂತು. ಅಕ್ಕ ಕೈ ಇಳಿಸಿ ಭುಜ ತಿಕ್ಕಿಕೊಂಡಳು.

ಮಾರ್ಚಿನಲ್ಲಿ ಉತ್ತರ ಬಂತು. ನಾನು ಅಡುಗೆಮನೆಯಲ್ಲಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಅವಳು ಮೇಲಿಂದ ಇಳಿದು ಬಂದು ಫ್ರಿಜ್ಜಿಗೆ ಒರಗಿ ನಿಂತಳು. ಸಿಗಲಿಲ್ಲ ಎಂದು ಅವಳು ಹೇಳುವ ಮೊದಲೇ ಗೊತ್ತಾಯಿತು. ಆದರೂ, “ಏನಂತ ಬರದಾರ?” ಎಂದು ಕೇಳಿದೆ. ಕೇಳಬಾರದಿತ್ತು.

ಮೂವರು ತಜ್ಞರು ಓದಿದ್ದರಂತೆ. ಒಂದೊಂದನ್ನೂ ಅವಳು ಕನ್ನಡಕ್ಕೆ ಹೊರಳಿಸಿ ಹೇಳಿದಳು, ನಾನು ಇಂಗ್ಲಿಷ್ ಬಲ್ಲವಳೆಂಬುದನ್ನು ಮರೆತವಳ ಹಾಗೆ. ಮೊದಲನೆಯವರು, ಸಮಸ್ಯೆ ಬಹಳ ಮುಖ್ಯವಾದದ್ದು, ಇಂಥ ಊರಿನಿಂದ ಇಂಥ ಅರ್ಜಿ ಬಂದದ್ದು ಸಂತೋಷ ಎಂದಿದ್ದರು. ಎರಡನೆಯವರು, ಯೋಚನೆಯೂ ಸಂಗ್ರಹವೂ ಹಿರಿಯ ವೈದ್ಯರದೆಂದು ಕಾಣುತ್ತದೆ, ಅರ್ಜಿದಾರಳ ಸ್ವಂತದ್ದು ಯಾವುದು ತಿಳಿಯುವುದಿಲ್ಲ, ಸ್ವತಂತ್ರವಾಗಿ ಕೆಲಸ ಮಾಡುವವರಿಗಾಗಿ ಇರುವ ನೆರವು ಇದು ಎಂದಿದ್ದರು. ಮೂರನೆಯವರು ಒಂದೇ ಸಾಲು ಬರೆದಿದ್ದರು: ಈ ಪರೀಕ್ಷೆಯಲ್ಲಿ ಅರ್ಜಿದಾರಳಿಗೇ ನಂಬಿಕೆ ಇದ್ದಂತಿಲ್ಲ.

ನನ್ನ ಕೈಯಲ್ಲಿ ಮೆಂತ್ಯದ ಕಡ್ಡಿ ಹಾಗೇ ಇತ್ತು. ಅಲ್ಪಸ್ವಲ್ಪ, ಆಶೆ, ಮಾರ್ಗದರ್ಶನ. ಯಾವ ಸಾಲಿನ ಎದುರು ಅವರು ಗೆರೆ ಎಳೆದಿರಬಹುದೆಂದು ನನಗೆ ಒಂದೊಂದಾಗಿ ಕಾಣುತ್ತಿತ್ತು. ಆ ಜನ ಕೆಟ್ಟವರಲ್ಲ. ತಮ್ಮ ಸಂಪತ್ತನ್ನು ಯಾರದೋ ಮಕ್ಕಳ ಪ್ರಯೋಗಕ್ಕೆ ಎತ್ತಿಟ್ಟವರು. ಎದೆ ಮುಟ್ಟಿ, ಇದು ನನ್ನದು ಎನ್ನುವ ಹುಡುಗಿಯನ್ನೇ ಅವರು ಹುಡುಕುತ್ತಿದ್ದರು. ಅಂಥವಳೊಬ್ಬಳು ಬರೆದೂ ಇದ್ದಳು. ನಾನು ಅವಳ ತಲೆ ತಗ್ಗಿಸಿ ಕಳಿಸಿದ್ದೆ.

ಅವಳು ನನ್ನ ಎದುರು ಕೂತು ಅರ್ಧ ಕಟ್ಟು ಸೊಪ್ಪು ಬಿಡಿಸಿಕೊಟ್ಟಳು. ಎಲೆಗಳ ಜೊತೆ ಕಡ್ಡಿಯನ್ನೂ ಹಾಕುತ್ತಿದ್ದಳು. ಅವಳೆದ್ದು ಹೋದ ಮೇಲೆ ನಾನು ಮತ್ತೆ ಆರಿಸಿದೆ.

ಐದು ವರ್ಷದ ಮಿತಿಗೆ ರಿಯಾಯಿತಿ ಇದೆಯೇ ಎಂದು ಪ್ರತಿಷ್ಠಾನಕ್ಕೆ ಕೇಳಿ ಬರೆದಳು. ಈ ಸಲ ಬರೆದದ್ದನ್ನು ನನಗೆ ತೋರಿಸಲಿಲ್ಲ. ಬಹಳ ಮರ್ಯಾದೆಯ ಉತ್ತರವೇ ಬಂತು. ಯುಗಾದಿಗೆ ಅಕ್ಕ ನಮ್ಮ ಮನೆಗೆ ಬಂದಿದ್ದಾಗ ಮಗಳು ಅದನ್ನು ಓದಿ ಹೇಳಿದಳು.

“ಮದುವಿ ಆಗಿ ಒಂದ್ ಕೂಸು ಹಡದಿದ್ರ ಇನ್ನೊಂದ್ ವರ್ಷ ಕೊಡ್ತಿದ್ರಂತ, ಚಿಕ್ಕಮ್ಮ.”

“ನಾ ಐದು ವರ್ಷದಿಂದ ಬಡಕೊಂಡಿದ್ದು ಮತ್ತೇನು?” ಎಂದು ಅಕ್ಕ ಹೋಳಿಗೆ ತಟ್ಟುವುದನ್ನು ಬಿಟ್ಟು ಎದ್ದು ನಿಂತಳು. “ದೊಡ್ಡ ದೊಡ್ಡ ಸೈಂಟಿಸ್ಟ್‌ಗಳೂ ಅದನ್ನಾ ಹೇಳ್ಯಾರ ನೋಡು!”

ಮೂವರೂ ನಕ್ಕೆವು. ಹುಡುಗಿ ಎಲ್ಲರಿಗಿಂತ ಜಾಸ್ತಿ ನಕ್ಕು, ಬಚ್ಚಲಿಗೆ ಹೋಗಿ ಬಹಳ ಹೊತ್ತು ನಲ್ಲಿ ಬಿಟ್ಟುಕೊಂಡಿದ್ದಳು.

ಸುಮ್ಮನೆ ಇರಲು ನನಗೆ ಆಗಲಿಲ್ಲ. ಕುರುಗೋಡಿನಲ್ಲಿ ನಮ್ಮ ಮನೆಯವರ ಸೋದರಮಾವ ಇದ್ದಾರೆ. ಹತ್ತಿಯ ವ್ಯಾಪಾರ ಮಾಡಿ, ಹೆಂಡತಿ ತೀರಿಕೊಂಡ ಮೇಲೆ ಅವರ ನೆನಪಿಗೆ ಒಂದು ಟ್ರಸ್ಟು ಮಾಡಿದವರು. ಆ ಊರಿನ ಶಾಲೆ, ಸಮುದಾಯ ಭವನ, ಬಸ್ ನಿಲ್ದಾಣ, ಎಲ್ಲಿ ತಲೆಯೆತ್ತಿದರೂ ಟ್ರಸ್ಟು ಕೊಟ್ಟ ಫ್ಯಾನಿನ ರೆಕ್ಕೆಯ ಮೇಲೆ ಆ ಅತ್ತೆಯ ಹೆಸರು. ಮೇ ತಿಂಗಳ ಬಿಸಿಲಿನಲ್ಲಿ ಹುಡುಗಿಯನ್ನು ಕರೆದುಕೊಂಡು ಹೋದೆ. ದಾರಿಯಲ್ಲಿ, “ನೀನೇ ಮಾತಾಡು. ನಿನ್ನ ಧಾಟಿಯಾಗ ಮಾತಾಡು. ನಾ ಬಾಯಿ ಹಾಕಂಗಿಲ್ಲ” ಎಂದೆ. ಅವಳು ಕಿಟಕಿಯ ಆಚೆ ನೋಡುತ್ತ ಹೂಂಗುಟ್ಟಿದಳು.

ಮಾವ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಅವಳು ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು. ಒಂದು ಪಟ್ಟಿಯನ್ನು ಅವರ ಅಂಗೈ ಮೇಲೆ ಇಟ್ಟಳು. ಅವರು ಅದನ್ನು ಬೆಳಕಿಗೆ ಹಿಡಿದು, ಮೂಸಿ ನೋಡಿ, ವಾಪಸು ಕೊಟ್ಟರು.

“ಚಲೋ ಕೆಲಸವ್ವ. ನಿನ್ನಂಥಾಕಿ ನಮ್ಮ ಮನಿತನದಾಗ ಇಲ್ಲ. ಕೊಡೋಣು. ಹೆಸರು ಎಲ್ಲಿ ಬರಸ್ತೀ?”

“ಹೆಸರು?”

“ನಿಮ್ಮಜ್ಜಿ ಹೆಸರು. ಈ ಕಡ್ಡಿ ಮ್ಯಾಲ ಹಿಡಿಯಂಗಿಲ್ಲಲ್ಲ.”

“ವಿಜ್ಞಾನದ ಪತ್ರಿಕಿಯಾಗ ಕೊನೀಗೆ ಹಾಕ್ತೀವಿ ಅಜ್ಜಾರ, ಇವರ ನೆರವಿನಿಂದ ಆತು ಅಂತ.”

“ಅದು ಕುರುಗೋಡಿಗೆ ಬರತೈತೇನು?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಹೋಗ್ಲಿ. ಇದು ಆಗೇ ಆಗತೈತಿ ಅಂತ ಗ್ಯಾರಂಟಿ ಐತೇನು? ಎರಡು ವರ್ಷ ಬಿಟ್ಟು ಬಂದ್ರ ಮಷೀನು, ಕಟ್ಟಡ, ಏನರ ಕಾಣತೈತೇನು?”

ನಾನು ಹೌದೆನ್ನು, ಹೌದೆನ್ನು ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಹೌದೆನ್ನಲಿಲ್ಲ.

“ಗ್ಯಾರಂಟಿ ಇಲ್ಲ ಅಜ್ಜಾರ. ಆಗದನೂ ಇರಬಹುದು. ಆಗಂಗಿಲ್ಲ ಅಂತ ಗೊತ್ತಾದ್ರೂ ಅದೂ ಒಂದು ಕೆಲಸಾನ.”

ಮಾವ ಮರುಕದಿಂದ ನನ್ನ ಕಡೆ ನೋಡಿದರು. “ಏನ್ ಸೊಸಿ, ಕೂಸು ಹಿಂಗಂತಾಳ. ಫ್ಯಾನು ಕೊಟ್ರ ತಿರಗತೈತಿ. ತಿರಗಲಿಲ್ಲಂದ್ರ ಅಂಗಡ್ಯವಂಗ ಕೇಳ್ತೀನಿ. ಇದು ತಿರಗಲಿಲ್ಲಂದ್ರ ಯಾರ್ನ ಕೇಳ್ಲಿ?”

ಅವರು ಕೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಎಲ್ಲರೂ ಹಾಗೆಯೇ ಕೇಳುತ್ತಾರೆ. ಬರಿಗೈಯಲ್ಲಿ ಕಳಿಸಬಾರದೆಂದು ಅವರು ಒಳಗಿದ್ದ ತಮ್ಮ ಸೊಸೆಯನ್ನು ಕೂಗಿ ಬೀರು ತೆಗೆಸಿದರು. ಅದರ ಕೆಳಗಿನ ಅರೆಯ ತುಂಬ ಶಾಲುಗಳ ಅಟ್ಟಿ, ಅವರಿಗೆ ಊರೂರಿನ ಸಮಾರಂಭಗಳಲ್ಲಿ ಹೊದಿಸಿದವು. ಮೇಲಿನದೊಂದನ್ನು ತೆಗೆದು, ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ, ಹೊದಿಸಿದರು. ಕೈಗೆ ಎರಡು ಮಾವಿನಹಣ್ಣು. ಅತ್ತೆಯ ಫೋಟೋದ ಕೆಳಗೆ ನಿಲ್ಲಿಸಿ ಸೊಸೆಯ ಕೈಯಲ್ಲಿ ಫೋನಿನಲ್ಲಿ ಚಿತ್ರ ತೆಗೆಸಿದರು. “ಸನ್ಮಾನ ಅಂತ ತಿಳಕೋ. ಪೇಪರಿನಾಗ ಹಾಕಸ್ತೀನಿ” ಎಂದರು. ಆ ಸೆಕೆಯಲ್ಲಿ ಶಾಲು ಹೊದ್ದು ಅವಳು ನಕ್ಕಳು. ಶಾಲಿನ ಅಂಚಿನಲ್ಲಿ ಹಿಂದಿನ ಯಾವುದೋ ಸಮಾರಂಭದ ಬ್ಯಾಡ್ಜಿನ ಗುಂಡುಸೂಜಿ ಹಾಗೇ ಉಳಿದಿತ್ತು. ಬಸ್ಸಿನಲ್ಲಿ ಅದನ್ನು ಬಿಡಿಸಿ ನನ್ನ ಪರ್ಸಿಗೆ ಹಾಕಿಕೊಂಡೆ.

ಜೂನಿನಲ್ಲಿ ಅವಳು ಆ ಟ್ಯೂಬುಗಳನ್ನಾದರೂ ಉಳಿಸಲು ಓಡಾಡಿದಳು. ಅವನ್ನು ತಣ್ಣಗೆ ಇಟ್ಟು, ಆಗಾಗ ಹೊಸದಾಗಿ ಬೆಳೆಸುತ್ತ ಕಾಪಾಡುವವರು ಬೇಕು, ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ. ದೊಡ್ಡ ಊರಿನ ಲ್ಯಾಬುಗಳಿಗೆ ಬರೆದಳು. ಒಂದು ಕಡೆಯಿಂದ ಜಾಗವಿಲ್ಲ ಎಂದರು, ಇನ್ನೊಂದು ಕಡೆ ರೋಗಿಗಳ ಒಪ್ಪಿಗೆಯ ಕಾಗದ ಹೊಸ ನಮೂನೆಯಲ್ಲಿ ಬೇಕೆಂದರು, ಉಳಿದವರು ಉತ್ತರ ಕೊಡಲಿಲ್ಲ. ಆಸ್ಪತ್ರೆಗೆ ಆ ಕೋಣೆ ಕನ್ನಡಕದ ಅಂಗಡಿಗೆ ಬೇಕಾಗಿತ್ತು. ಜೀವಂತ ರೋಗದ ಬೀಜವನ್ನು ಹಾಗೆ ಬಿಟ್ಟು ಬರುವಂತಿಲ್ಲ. ಕೊಂದು ಬರಬೇಕು.

ಕೊನೆಯ ದಿನ ನಾನೂ ಹೋದೆ. ಸಾಮಾನು ತರಲು ಎಂದು ಹೇಳಿಕೊಂಡು ಹೋದೆ. ಕೌಲ್ ಬಜಾರಿನ ಆ ಓಣಿಯಲ್ಲಿ ಆಟೋ ಒಳಗೆ ಹೋಗದು. ತಗಡು ಬಡಿಯುವವರ ಸದ್ದಿನ ನಡುವೆ ನಡೆದು ಮೆಟ್ಟಿಲು ಹತ್ತಿದೆ. ಲ್ಯಾಬಿನಲ್ಲಿ ಬಹಳ ವರ್ಷಗಳಿಂದ ಕೆಲಸಕ್ಕಿರುವ ಅಟೆಂಡರ್ ಹೆಂಗಸು, ಎಲ್ಲರೂ ಆಪಾ ಎನ್ನುತ್ತಾರೆ, ಫ್ರಿಜ್ಜಿನಿಂದ ಟ್ಯೂಬುಗಳ ಸ್ಟ್ಯಾಂಡುಗಳನ್ನು ಹೊರಗೆ ತೆಗೆದಿಡುತ್ತಿದ್ದರು. ಅಕ್ಕನ ಮಗಳು ಒಂದೊಂದನ್ನೂ ರಿಜಿಸ್ಟರಿಗೆ ಹೋಲಿಸಿ, ಅದರ ಹೆಸರಿನ ಮುಂದೆ ಗೆರೆ ಎಳೆದು, ಸ್ಟೀಲಿನ ಬುಟ್ಟಿಗೆ ಹಾಕುತ್ತಿದ್ದಳು. ಸಿರುಗುಪ್ಪ, ಮೋಕ, ಕುರುಗೋಡು. ಒಣಗಿದ ಗುಲಾಬಿಯ ಬಣ್ಣದ್ದು ಬಂದಾಗ ಒಂದು ಕ್ಷಣ ಬೆಳಕಿಗೆ ಹಿಡಿದು ನೋಡಿ, ಅದನ್ನೂ ಹಾಕಿದಳು.

“ಬೇಟಿ, ಒಂದೆರಡು ಇಟ್ಕೋ. ಮನ್ಯಾಗ ಫ್ರಿಜ್ ಐತಲ್ಲ” ಎಂದರು ಆಪಾ.

“ಆಪಾ, ನಮ್ ಚಿಕ್ಕಮ್ಮನ ಮೊಸರಿನ ಪಕ್ಕ ಇಡ್ಲೇನು?”

“ಹೌದಲ್ಲ, ತೌಬಾ” ಎಂದು ಆಪಾ ನಕ್ಕರು. ನಕ್ಕು, ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಂಡರು.

ಬುಟ್ಟಿಯನ್ನು ಆಟೋಕ್ಲೇವಿನೊಳಗೆ ಇಳಿಸಿದರು. ಅದು ನಮ್ಮ ಕುಕ್ಕರಿನ ಅಣ್ಣನ ಹಾಗಿದೆ. ಅದೇ ದಪ್ಪ ಮುಚ್ಚಳ, ಅದೇ ರಬ್ಬರು, ಅದೇ ಹಬೆ. ತಿರುಪು ಬಿಗಿಸಿ ಸ್ವಿಚ್ಚು ಹಾಕಿದಳು. ಆಪಾ ಚಹಾ ತರಲು ಇಳಿದರು. ನಾವಿಬ್ಬರೇ ಉಳಿದೆವು. ಒಳಗೆ ನೀರು ಕುದಿಯತೊಡಗಿದ ಸದ್ದು. ಒತ್ತಡದ ಮುಳ್ಳು ನಿಧಾನಕ್ಕೆ ಏರುತ್ತಿತ್ತು.

ಮಾರ್ಚಿನಿಂದ ಬಾಯಿಯವರೆಗೆ ಬಂದು ಬಂದು ನಿಂತದ್ದು ಅಲ್ಲಿ ಹೊರಬಿತ್ತು.

“ನಾ ತಿದ್ದಿದ್ದಕ್ಕ ಹೋತಲ್ಲವ್ವ ಇದು.”

ಅವಳು ಮುಳ್ಳಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಇಲ್ಲ ಚಿಕ್ಕಮ್ಮ, ಹಂಗೇನಿಲ್ಲ ಎನ್ನುತ್ತಾಳೆಂದು ಕಾದಿದ್ದೆ ಎಂಬುದು, ಅವಳು ಹಾಗೆ ಅನ್ನದೆ ಇದ್ದಾಗ ನನಗೆ ತಿಳಿಯಿತು.

“ಹೌದು” ಎಂದಳು. ಆಮೇಲೆ, “ಅದೊಂದಾ ಅಲ್ಲ. ನಾನೂ ಒತ್ತಿದೆನಲ್ಲ. ಆದರ ಹೌದು” ಎಂದಳು.

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಅಳಬಹುದಿತ್ತು, ಅವಳು ಸಮಾಧಾನ ಮಾಡಬಹುದಿತ್ತು. ಹಬೆ ಸುಯ್ಯೆಂದು ಹೊರಟಿತು. ಅವಳು ಗಡಿಯಾರ ನೋಡಿ ರಿಜಿಸ್ಟರಿನಲ್ಲಿ ಹೊತ್ತು ಬರೆದಳು. ನಾಳೆಯಿಂದ ಬಸ್ ನಿಲ್ದಾಣದ ಹತ್ತಿರದ ರಕ್ತಪರೀಕ್ಷೆಯ ಕೇಂದ್ರದಲ್ಲಿ ಅವಳಿಗೆ ಕೆಲಸ, ಸಕ್ಕರೆ, ಥೈರಾಯ್ಡ್ ನೋಡುವುದು. ಬೆಳಿಗ್ಗೆ ಆರಕ್ಕೆ ಹೋಗಬೇಕು. ಡಬ್ಬಿಗೆ ಏನು ಕಟ್ಟಲಿ ಎಂದು ಕೇಳಿದೆ. “ಏನಾದ್ರೂ” ಎಂದಳು.

ಒತ್ತಡ ಇಳಿದ ಮೇಲೆ ಮುಚ್ಚಳ ತೆರೆದಾಗ ಬೇಯಿಸಿದ ಹಿಟ್ಟಿನಂಥ, ಹಳಸಲಿನಂಥ ವಾಸನೆ ಕೋಣೆ ತುಂಬಿತು. ಟ್ಯೂಬುಗಳೊಳಗಿನ ಬಿಳಿ, ಹಸಿರು, ಗುಲಾಬಿ ಎಲ್ಲವೂ ಕರಗಿ ಒಂದೇ ಕಂದು ಬಣ್ಣಕ್ಕೆ ತಿರುಗಿದ್ದವು. ಚೀಟಿಗಳ ಮೇಲಿನ ಅಕ್ಷರ ಮಾತ್ರ ಅಳಿಸಿರಲಿಲ್ಲ, ಅಳಿಸದ ಪೆನ್ನಿನಲ್ಲಿ ಬರೆದಿದ್ದಳು. ಹಳದಿ ಚೀಲಕ್ಕೆ ಸುರಿದು ಬಾಯಿ ಕಟ್ಟಿದಳು. ಆಪಾ ತಂದ ಚಹಾ ಯಾರೂ ಕುಡಿಯದೆ ಕೆನೆಗಟ್ಟಿತು.

ಫ್ರಿಜ್ಜಿನ ಸ್ವಿಚ್ಚು ತೆಗೆದು ಬಾಗಿಲು ತೆರೆದಿಟ್ಟಿದ್ದರಿಂದ ಮಂಜು ಕರಗಿ ನೀರು ನೆಲಕ್ಕೆ ಹರಿಯುತ್ತಿತ್ತು. ಅವಳು ರಿಜಿಸ್ಟರಿನ ಕೊನೆಯ ಪುಟಕ್ಕೆ ಸಹಿ ಹಾಕುತ್ತಿದ್ದಳು. ಮೂಲೆಯಲ್ಲಿ ಒಂದು ಒರೆಸುವ ಬಟ್ಟೆ ಕಂಡಿತು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಮೊಣಕಾಲೂರಿ, ಆ ನೀರನ್ನು ಒರೆಸತೊಡಗಿದೆ. ಹಿಂಡಿದೆ, ಮತ್ತೆ ಒರೆಸಿದೆ. ನೀರು ಬರುತ್ತಲೇ ಇತ್ತು. “ಬಿಡು ಚಿಕ್ಕಮ್ಮ, ನಾಳಿಗೆ ಹೆಂಗೂ ಟೈಲ್ಸ್ ಒಡೀತಾರ” ಎಂದಳು ಅವಳು, ಪೆನ್ನಿನ ಕ್ಯಾಪು ಹಾಕುತ್ತ.